ಲಿಸ್ಬನ್ನಿನ ಏರಿಳಿತ: ಹತ್ತಲು ಯಂತ್ರ, ಇಳಿಯಲು ಕಾಲು

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ನಕಾಶೆ ಬಿಡಿಸಿ ನೋಡಿದರೆ ಎಲ್ಲವೂ ಹತ್ತಿರ ಹತ್ತಿರವೇ ಕಾಣುತ್ತದೆ. ಊರ ನಡುವಿನ ರೊಸ್ಸಿಯು ಚೌಕದಿಂದ ಸಾಂವ್ ಜೋರ್ಜ್ ಕೋಟೆಗೆ ನೇರ ಗೆರೆ ಎಳೆದರೆ ಒಂದು ಕಿಲೋಮೀಟರೂ ಆಗುವುದಿಲ್ಲ. ಹತ್ತು ನಿಮಿಷದ ದಾರಿ ಎಂದು ಹೊರಟವರು ಅರ್ಧಕ್ಕೇ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿರುತ್ತಾರೆ. ಚೌಕ ಇರುವುದು ಟೇಜು ನದಿಯ ಮಟ್ಟಕ್ಕೆ ಸನಿಹದಲ್ಲಿ, ಕೋಟೆ ಇರುವುದು ಸುಮಾರು ನೂರು ಮೀಟರ್ ಮೇಲೆ. ಈ ಊರಲ್ಲಿ ಸುಸ್ತಾಗುವುದಕ್ಕೆ, ಹೊತ್ತು ತಪ್ಪುವುದಕ್ಕೆ, ಜೊತೆಗೆ ಬಂದ ಹಿರಿಯರ ಮಂಡಿನೋವು ಕೆರಳುವುದಕ್ಕೆ ಎಲ್ಲಕ್ಕೂ ಈ ಏರೇ ಕಾರಣ. ಹಾಗಾಗಿ ಲಿಸ್ಬನ್ನನ್ನೂ ಅದರ ಸುತ್ತಮುತ್ತಲನ್ನೂ ನೋಡಲು ಒಂದು ಸೂತ್ರ ಇಟ್ಟುಕೊಳ್ಳಿ: ಹತ್ತುವುದಕ್ಕೆ ಲಿಫ್ಟು, ಬಸ್ಸು, ಟ್ರಾಮು, ಇಳಿಯುವುದಕ್ಕೆ ಕಾಲು.

ಪುಕ್ಕಟೆ ಸಿಗುವ ಏರುಗಳಿಂದಲೇ ಶುರು ಮಾಡೋಣ. ಬೈಶಾ ಎಂದರೆ ನದಿಯಂಚಿನ ಸಮತಟ್ಟಾದ ಪೇಟೆ. 1755ರ ನವೆಂಬರ್ 1ರ ಭೂಕಂಪ, ಅದರ ಬೆನ್ನಿಗೇ ಬಂದ ಸುನಾಮಿ, ಆಮೇಲಿನ ಬೆಂಕಿ ಮೂರೂ ಸೇರಿ ನಾಶಮಾಡಿದ ಮೇಲೆ ಮಂತ್ರಿ ಪೊಂಬಾಲ್ ನೇರ ಬೀದಿಗಳಾಗಿ ಮತ್ತೆ ಕಟ್ಟಿಸಿದ ಭಾಗವಿದು. ಇಲ್ಲಿಂದ ಪಡುವಣದ ಶಿಯಾದು ದಿಣ್ಣೆಗೆ ಹೋಗಬೇಕಾದರೆ ರಸ್ತೆ ಏರಬೇಡಿ. ಬೈಶಾ-ಶಿಯಾದು ಮೆಟ್ರೋ ನಿಲ್ದಾಣದೊಳಗೆ ಹೋಗಿ, ಶಿಯಾದು ಎಂದು ಬರೆದಿರುವ ಕಡೆಯ ಉದ್ದನೆಯ ಎಸ್ಕಲೇಟರುಗಳನ್ನು ಒಂದಾದಮೇಲೊಂದು ಹಿಡಿದರೆ ಸೀದಾ ಮೇಲಿನ ಚೌಕದ ಕಾಫಿ ಅಂಗಡಿಗಳ ಎದುರು ಬರುತ್ತೀರಿ. ಊರಿನವರು ದಿನಾ ಬಳಸುವ ದಾರಿ ಇದು.

ಮೂಡಣದ ಕೋಟೆಗುಡ್ಡಕ್ಕೂ ಇಂಥದೇ ಉಪಾಯವಿದೆ. ರುವಾ ದುಶ್ ಫಾಂಕೈರುಶ್ ಬೀದಿಯ 170ನೇ ನಂಬರಿನ ಆಸುಪಾಸಿನಲ್ಲಿ, ಉಳಿದ ಮನೆಗಳ ಸಾಲಿನಲ್ಲೇ ಸೇರಿಹೋದ ಒಂದು ಬಾಗಿಲಿನೊಳಗೆ ಸಾರ್ವಜನಿಕ ಲಿಫ್ಟ್ ಇದೆ. ಅದು ಹಿಂದಿನ ಎತ್ತರದ ಬೀದಿ ರುವಾ ದ ಮದಲೇನಾದಲ್ಲಿ ಬಿಡುತ್ತದೆ. ಅಲ್ಲಿಂದ ಚಿಕ್ಕ ಚೌಕ ದಾಟಿದರೆ ಎದುರಿಗೇ ಹಳೆಯ ಮಾರುಕಟ್ಟೆ ಕಟ್ಟಡ. ಈಗ ಕೆಳಗೆ ಸೂಪರ್‌ಮಾರ್ಕೆಟ್, ಮೇಲೆ ಕಾರು ನಿಲ್ಲಿಸುವ ಜಾಗ. ಅದರ ಪಕ್ಕದ ಎರಡನೇ ಲಿಫ್ಟ್ ಕೋಟೆಗೋಡೆಯ ಕೆಳಗಿನ ರಸ್ತೆಗೆ ಒಯ್ಯುತ್ತದೆ. ಕೋಟೆಯ ಬಾಗಿಲಿಗೆ ಇನ್ನು ಹತ್ತು ನಿಮಿಷದ ಏರು ಮಾತ್ರ ಉಳಿಯುತ್ತದೆ. ಅದೂ ಆಗದವರು ಪ್ರಾಸಾ ದ ಫಿಗೈರಾ ಚೌಕದಿಂದ 737 ನಂಬರಿನ ಪುಟ್ಟ ಬಸ್ಸು ಹತ್ತಬೇಕು, ಬಾಗಿಲ ತನಕ ಹೋಗುತ್ತದೆ.

ಸಾಂತಾ ಜುಶ್ತಾ ಎಂಬ ಕಬ್ಬಿಣದ ಲಿಫ್ಟ್ 1902ರದು, 45 ಮೀಟರ್ ಎತ್ತರ, ನೋಡಲು ನಿಜಕ್ಕೂ ಚೆಂದ. ಆದರೆ ಕೆಳಗೆ ಸರದಿಯಲ್ಲಿ ಒಂದು ಗಂಟೆ ನಿಲ್ಲುವಷ್ಟು ಬೆಲೆಯದಲ್ಲ. ಮೇಲೆ ಹೇಳಿದ ಎಸ್ಕಲೇಟರಿನಲ್ಲಿ ಶಿಯಾದುವಿಗೆ ಹೋಗಿ, ಅಲ್ಲಿಂದ ಐದು ನಿಮಿಷ ನಡೆದು ಲಾರ್ಗು ದು ಕಾರ್ಮು ಚೌಕ ಸೇರಿ. ಭೂಕಂಪದಲ್ಲಿ ಚಾವಣಿ ಬಿದ್ದ ಕಾರ್ಮು ಚರ್ಚನ್ನು ಹಾಗೆಯೇ ಬಿಟ್ಟಿದ್ದಾರೆ, ಕಮಾನುಗಳ ಮೇಲೆ ಆಕಾಶವೇ ಮಾಡು. ಅದರ ಪಕ್ಕದಿಂದ ಹಾಯ್ದರೆ ಲಿಫ್ಟಿನ ಮೇಲ್ತುದಿಗೆ ಸೇರುವ ಸೇತುವೆ ಸಿಗುತ್ತದೆ, ಅದೇ ನೋಟ.

ಇಳಿಯುವಾಗ ಎಚ್ಚರ ಬೇಕಾದ್ದು ಕಲ್ಲಿಗೆ. ಊರಿನ ಕಾಲುದಾರಿಗಳಿಗೆಲ್ಲ ಬಿಳಿ ಸುಣ್ಣಕಲ್ಲು, ಕಪ್ಪು ಕಲ್ಲುಗಳ ಸಣ್ಣ ಸಣ್ಣ ತುಂಡುಗಳನ್ನು ಕೈಯಿಂದ ಜೋಡಿಸಿ ಹಾಸಿದ್ದಾರೆ. ಜನ ನಡೆದೂ ನಡೆದೂ ಅವು ಸೋಪಿನ ಹಾಗೆ ನುಣುಪಾಗಿವೆ. ನಾಲ್ಕು ಹನಿ ಬಿದ್ದರೂ ಚರ್ಮದ ಅಟ್ಟೆಯ ಚಪ್ಪಲಿ, ಗಟ್ಟಿ ಪ್ಲಾಸ್ಟಿಕ್ ಅಟ್ಟೆಯ ಬೂಟು ಜಾರುತ್ತವೆ. ಮೆದು ರಬ್ಬರಿನ, ಆಳವಾದ ಗೆರೆಗಳಿರುವ ಅಟ್ಟೆಯೇ ಬೇಕು. ಮಳೆಯಲ್ಲಿ ಕಾಲುದಾರಿಯ ನಡುವೆ ನಡೆಯದೆ ಗೋಡೆ ಅಥವಾ ಕಂಬಿ ಹಿಡಿದು ಇಳಿಯಿರಿ.

ಕಾರ್ಡು ಮತ್ತು ಟ್ರಾಮು

ವಿಮಾನ ನಿಲ್ದಾಣ ಊರೊಳಗೇ ಇದೆ, ಮೆಟ್ರೋದ ಕೆಂಪು ಮಾರ್ಗ ಅಲ್ಲಿಂದಲೇ ಶುರು. ಅಲಮೇದಾದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ರೊಸ್ಸಿಯು, ಬೈಶಾ-ಶಿಯಾದು, ಕಾಯಿಶ್ ದು ಸುದ್ರೆ ಎಲ್ಲ ಅದೇ ಸಾಲಿನಲ್ಲಿ ಬರುತ್ತವೆ. ಮೆಷಿನ್ನಿನಲ್ಲಿ ಅರ್ಧ ಯೂರೋ ಕೊಟ್ಟು ನವೆಗಾಂತ್ ಎಂಬ ರಟ್ಟಿನ ಕಾರ್ಡು ತೆಗೆದುಕೊಳ್ಳಿ. ಒಬ್ಬರಿಗೊಂದು ಕಾರ್ಡು, ಒಂದೇ ಕಾರ್ಡನ್ನು ಇಬ್ಬರು ಮುಟ್ಟಿಸಿ ಹೋಗಲಾಗದು. ಅದಕ್ಕೆ ಝಾಪಿಂಗ್ ಎಂಬ ಹೆಸರಿನಲ್ಲಿ ದುಡ್ಡು ತುಂಬಿಸಿದರೆ ಮೆಟ್ರೋ, ಬಸ್ಸು, ಟ್ರಾಮು, ಸುತ್ತಲಿನ ಊರುಗಳಾದ ಸಿಂತ್ರಾ ಮತ್ತು ಕಶ್ಕಾಯಿಶ್ ಕಡೆಯ ರೈಲು, ನದಿ ದಾಟುವ ದೋಣಿ ಎಲ್ಲಕ್ಕೂ ನಡೆಯುತ್ತದೆ.

ಎಡವಟ್ಟಾಗುವುದು ಎರಡು ಕಡೆ. ಒಂದು, ಈ ಕಾರ್ಡು ಒಂದು ಹೊತ್ತಿಗೆ ಒಂದೇ ಬಗೆಯ ಟಿಕೆಟ್ಟು ಇಟ್ಟುಕೊಳ್ಳುತ್ತದೆ. ಝಾಪಿಂಗ್ ದುಡ್ಡು ಇರುವಾಗ 24 ಗಂಟೆಯ ಪಾಸು ಹಾಕಲು ಹೋದರೆ ಮೆಷಿನ್ ಒಪ್ಪುವುದಿಲ್ಲ. ಎರಡೂ ಬೇಕಿದ್ದರೆ ಎರಡು ಕಾರ್ಡು ಕೊಂಡು, ಯಾವುದರಲ್ಲಿ ಏನಿದೆ ಎಂದು ಪೆನ್ನಿನಲ್ಲಿ ಬರೆದುಕೊಳ್ಳಿ. ಇನ್ನೊಂದು, ಬೆಲೇಂನಂಥ ಸಣ್ಣ ರೈಲು ನಿಲ್ದಾಣಗಳಲ್ಲಿ ಗೇಟು ಇರುವುದಿಲ್ಲ, ಕಂಬದ ಮೇಲೊಂದು ಓದುವ ಯಂತ್ರ ಮಾತ್ರ. ಹತ್ತುವಾಗಲೂ ಇಳಿದ ಮೇಲೂ ಕಾರ್ಡು ಮುಟ್ಟಿಸಬೇಕು. ಮರೆತವರಿಗೆ ದಂಡ, ಪ್ರವಾಸಿ ಎಂಬ ರಿಯಾಯಿತಿ ಇಲ್ಲ. ದಿನಕ್ಕೆ ನಾಲ್ಕೈದು ಸಲ ಹತ್ತಿಳಿಯುವವರಿಗೆ 24 ಗಂಟೆಯ ಪಾಸು ಲಾಭ. ಅದಕ್ಕಿಂತ ಕಡಿಮೆಯಾದರೆ ಝಾಪಿಂಗ್. ಡ್ರೈವರಿನ ಕೈಗೆ ಚಿಲ್ಲರೆ ಕೊಟ್ಟು ಟ್ರಾಮಿನಲ್ಲಿ ಹೋದರೆ ಕಾರ್ಡಿನ ದರದ ಹೆಚ್ಚುಕಡಿಮೆ ಎರಡರಷ್ಟು ಬೀಳುತ್ತದೆ.

28ನೇ ನಂಬರಿನ ಹಳದಿ ಟ್ರಾಮಿನ ಬಗ್ಗೆ ಕೇಳದವರಿಲ್ಲ. ಮರದ ಬೆಂಚು, ಹಿತ್ತಾಳೆಯ ಹಿಡಿ, ಕೋಟೆಗುಡ್ಡದ ಇಳಿಜಾರಿನ ಹಳೆ ಬಡಾವಣೆ ಅಲ್ಫಾಮಾದ ಗೋಡೆ ಕೈಗೆ ತಾಗುವಷ್ಟು ಇಕ್ಕಟ್ಟಿನ ತಿರುವು ಎಲ್ಲವೂ ನಿಜ. ಒಂದು ಬಂಡಿಯಲ್ಲಿ ಇಪ್ಪತ್ತರಷ್ಟೇ ಸೀಟು ಎಂಬುದೂ ನಿಜ. ಮಾರ್ತಿಂ ಮೊನಿಶ್ ತುದಿಯಲ್ಲಿ ಹತ್ತಲು ಹೋದರೆ ಸರದಿ ಸುತ್ತಿಕೊಂಡು ನಿಂತಿರುತ್ತದೆ, ಜೇಬುಗಳ್ಳರಿಗೂ ಅದೇ ಕಸುಬಿನ ಜಾಗ. ಇನ್ನೊಂದು ತುದಿ ಕಾಂಪು ದಿ ಓರೀಕ್, ಪ್ರಜೇರಿಶ್ ಸ್ಮಶಾನದ ಎದುರು. ಬೆಳಿಗ್ಗೆ ಒಂಬತ್ತರೊಳಗೆ ಅಲ್ಲಿ ಹತ್ತಿದರೆ ಕಿಟಕಿ ಪಕ್ಕವೇ ಸೀಟು ಸಿಗುವ ಸಂಭವ ಹೆಚ್ಚು. ಎಶ್ತ್ರೇಲಾ ಚರ್ಚು, ಸಂಸತ್ತಿನ ಪಕ್ಕದ ಇಳಿಜಾರು, ಶಿಯಾದು, ಬೈಶಾ, ಹಳೆಯ ಕೆಥೆಡ್ರಲ್, ಪೋರ್ತಾಶ್ ದು ಸೋಲ್, ಗ್ರಾಸಾ ಹೀಗೆ ಊರನ್ನೇ ಹೊಲಿದುಕೊಂಡು ಹೋಗುತ್ತದೆ. ಗ್ರಾಸಾದಲ್ಲಿ ಇಳಿದುಬಿಡಿ. ಹಳಿಯ ಮೇಲೆ ಅಡ್ಡ ನಿಲ್ಲಿಸಿದ ಒಂದು ಕಾರು ಸಾಕು, ಇಡೀ ಸಾಲು ನಿಂತುಹೋಗಲು. ಹಾಗಾಗಿ ಟಿಕೆಟ್ ಮುಂಗಡ ಕಾದಿರಿಸಿದ ಜಾಗಕ್ಕೆ 28ನ್ನು ನಂಬಿ ಹೊರಡಬೇಡಿ. ಬರೀ ಹಳೆಯ ಟ್ರಾಮಿನ ಅನುಭವ ಸಾಕೆನ್ನುವವರಿಗೆ ಕಾಮೊಯಿಶ್ ಚೌಕದಿಂದ ಕಾಂಪೊಲೀಡ್‌ಗೆ ಹೋಗುವ 24 ಒಳ್ಳೆಯದು. ಅದೇ ಕಾಲದ ಬಂಡಿ, ಕಾಲು ಭಾಗದ ಜನ.

ಗ್ಲೋರಿಯಾ ಇಳಿಜಾರು ಟ್ರಾಮನ್ನು ಹಳೆಯ ಕೈಪಿಡಿಗಳಲ್ಲಿ ನೋಡಿ ಹುಡುಕಿಕೊಂಡು ಹೋಗಬೇಡಿ. 2025ರ ಸೆಪ್ಟೆಂಬರ್ 3ರಂದು ಎರಡು ಬಂಡಿಗಳನ್ನು ಕಟ್ಟಿದ್ದ ಕೇಬಲ್ ಕಳಚಿ, ಒಂದು ಬಂಡಿ ಹಳಿ ತಪ್ಪಿ ಉರುಳಿ 16 ಜನ ಸತ್ತರು. 1885ರಿಂದ ಓಡುತ್ತಿದ್ದ ಮಾರ್ಗ ಅದು. ಆಮೇಲೆ ಬೀಕಾ, ಲಾವ್ರಾ ಮಾರ್ಗಗಳನ್ನೂ ನಿಲ್ಲಿಸಿದರು. ಇಂಥ ಮಾರ್ಗಗಳು ಓಡುತ್ತಿವೆಯೋ ಇಲ್ಲವೋ ಎಂದು ಹೊರಡುವ ದಿನವೇ ನೋಡಿಕೊಳ್ಳುವುದು ಸರಿ.

ವಸತಿಯ ವಿಚಾರ ಎರಡೇ ಮಾತು. ಅಲ್ಫಾಮಾದ ಮನೆಗಳ ಫೋಟೋ ನೋಡಿ ಮರುಳಾಗುವ ಮುನ್ನ, ಅಲ್ಲಿಗೆ ಕಾರು ಬರುವುದಿಲ್ಲ, ಸೂಟ್‌ಕೇಸಿನ ಚಕ್ರ ಆ ಕಲ್ಲುಗಳ ಮೇಲೆ ಉರುಳುವುದಿಲ್ಲ, ಮೆಟ್ಟಿಲಲ್ಲಿ ಹೊತ್ತೇ ಒಯ್ಯಬೇಕು ಎಂಬುದನ್ನು ನೆನಪಿಡಿ. ಹಿರಿಯರು, ಮಕ್ಕಳು ಇದ್ದರೆ ಸಲ್ದಾನ್ಯಾ ಸುತ್ತಿನ ಸಮತಟ್ಟು ಬಡಾವಣೆಗಳು, ಇಲ್ಲವೇ 1998ರ ಎಕ್ಸ್‌ಪೋಗಾಗಿ ಕಟ್ಟಿದ ನದಿಯಂಚಿನ ಪಾರ್ಕ್ ದಶ್ ನಸೊಯಿಂಶ್ ಅನುಕೂಲ. ಎರಡೂ ಕೆಂಪು ಮೆಟ್ರೋ ಮಾರ್ಗದಲ್ಲೇ ಇವೆ. ಬಾಡಿಗೆ ಮನೆಯಾದರೆ ಲಿಫ್ಟ್ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬೆಲ್ಲಿನ ಹಲಗೆಯಲ್ಲಿ ಮನೆ ನಂಬರಿನ ಬದಲು ಮಹಡಿಯ ಸಂಖ್ಯೆ, ಅದರ ಮುಂದೆ ಬಲ ಅಥವಾ ಎಡ ಎಂಬುದರ ಗಿಡ್ಡ ರೂಪ ಇರುತ್ತದೆ. ಬಲಕ್ಕೆ ದಿರೈತು, ಎಡಕ್ಕೆ ಎಶ್ಕೇರ್ದು. ಊರಿನ ಪ್ರವಾಸಿ ತೆರಿಗೆ ತಲೆಗೆ ರಾತ್ರಿಗೆ 4 ಯೂರೋ, ಗರಿಷ್ಠ ಏಳು ರಾತ್ರಿ. 13 ವರ್ಷದೊಳಗಿನ ಮಕ್ಕಳಿಗಿಲ್ಲ.

ಒಂದು ಬೆಳಗಿನ ಇಳಿಕೆ ಹೀಗಿರಲಿ. ಮಾರ್ತಿಂ ಮೊನಿಶ್‌ನಿಂದ 734 ಬಸ್ಸಿನಲ್ಲಿ ಗ್ರಾಸಾ. ಮೊದಲು ಎಲ್ಲಕ್ಕಿಂತ ಎತ್ತರದ ಸೆನ್ಯೋರಾ ದು ಮೋಂತ್ ನೋಟದ ಕಟ್ಟೆ, ಅಲ್ಲಿಂದ ಗ್ರಾಸಾ ಚರ್ಚಿನ ಮುಂದಿನ ಕಟ್ಟೆ, ಆಮೇಲೆ ಪೋರ್ತಾಶ್ ದು ಸೋಲ್, ಸಾಂತಾ ಲುಜೀಯಾ, ಕೊನೆಗೆ ಅಲ್ಫಾಮಾದ ಓಣಿಗಳಲ್ಲಿ ಮನಸ್ಸು ಬಂದ ಹಾಗೆ ಇಳಿಯುವುದು. ದಾರಿ ತಪ್ಪುವ ಹೆದರಿಕೆ ಬೇಡ, ಇಳಿಯುವ ಓಣಿಗಳೆಲ್ಲ ಕೊನೆಗೆ ನದಿಗೇ ಸೇರುತ್ತವೆ. ಮಂಗಳವಾರ ಅಥವಾ ಶನಿವಾರವಾದರೆ ನಡುವೆ ಸಾಂತಾ ಕ್ಲಾರಾ ಮೈದಾನದ ಹಳೆ ಸಾಮಾನಿನ ಸಂತೆಗೆ ತಿರುಗಿಕೊಳ್ಳಿ.

ಬೆಲೇಂ

ಬೆಲೇಂ ಸಮತಟ್ಟು, ನದಿಯ ಪಕ್ಕ, ಊರಿನ ಪಡುವಣ ತುದಿ. 15ನೇ ನಂಬರಿನ ಉದ್ದನೆಯ ಟ್ರಾಮು ಅಥವಾ ಕಾಯಿಶ್ ದು ಸುದ್ರೆಯಿಂದ ರೈಲು; ರೈಲೇ ಬೇಗ, ಕೂರಲು ಜಾಗವೂ ಹೆಚ್ಚು. ಸೋಮವಾರ ಜೆರೋನಿಮುಶ್ ಮಠ ಮುಚ್ಚಿರುತ್ತದೆ. ಉಳಿದ ದಿನ ಬಾಗಿಲು ತೆರೆಯುವ ಹೊತ್ತಿಗೇ ಇರಬೇಕು, ಯಾಕೆಂದರೆ ಸರದಿ ನಿಲ್ಲುವ ಜಾಗದಲ್ಲಿ ನೆರಳೇ ಇಲ್ಲ. ಅಲ್ಲಿ ಎರಡು ಸರದಿಗಳಿರುತ್ತವೆ: ಟಿಕೆಟ್ಟಿನ ಒಳಾಂಗಣಕ್ಕೆ ಒಂದು, ಪುಕ್ಕಟೆಯ ಚರ್ಚಿಗೆ ಇನ್ನೊಂದು. ನಿಲ್ಲುವ ಮುಂಚೆ ಕೇಳಿಕೊಳ್ಳಿ. ತಪ್ಪು ಸಾಲಿನಲ್ಲಿ ಮುಕ್ಕಾಲು ಗಂಟೆ ಕಳೆಯುವವರು ದಿನಾ ಇದ್ದಾರೆ. ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಚರ್ಚು ನೋಡಲು ಬಿಡುವುದಿಲ್ಲ.

ಚರ್ಚಿನೊಳಗೆ ಬಾಗಿಲ ಹತ್ತಿರವೇ ವಾಸ್ಕೋ ಡ ಗಾಮನ ಕಲ್ಲಿನ ಸಮಾಧಿ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅವನ ಹಡಗುಗಳು ಲಂಗರು ಹಾಕಿ ದುರಸ್ತಿ ಮಾಡಿಕೊಂಡದ್ದು ನಮ್ಮ ಕಾರವಾರದ ಎದುರಿನ ಅಂಜುದೀವ ದ್ವೀಪದಲ್ಲಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ ಅವನ ಅವಶೇಷಗಳನ್ನು ಈ ಮಠಕ್ಕೆ ತಂದದ್ದು 1880ರಲ್ಲಿ. ರಸ್ತೆ ದಾಟಿ ನದಿಯ ಕಡೆ ಹೋದರೆ 1960ರ ನಾವಿಕರ ಸ್ಮಾರಕ, ಅದರ ಮುಂದೆ ನೆಲದ ಮೇಲೆ ಸುಮಾರು 50 ಮೀಟರ್ ಅಗಲದ ದಿಕ್ಸೂಚಿಯ ನಡುವೆ ಬಣ್ಣದ ಕಲ್ಲಿನ ಭೂಪಟ. ನಮ್ಮ ಪಡುವಣ ಕರಾವಳಿಯ ಪಕ್ಕ ಕೆತ್ತಿದ ಇಸವಿಗಳನ್ನು ಬಗ್ಗಿ ಓದಿ. ಕರಾವಳಿಯವರಿಗೆ ಅದು ಬರೀ ಅಲಂಕಾರವಾಗಿ ಕಾಣುವುದಿಲ್ಲ. ಬೆಲೇಂ ಗೋಪುರ ಹೊರಗಿನಿಂದಲೇ ಚೆಂದ. ಒಳಗೆ ಇಕ್ಕಟ್ಟಿನ ಒಂದೇ ಸುರುಳಿ ಮೆಟ್ಟಿಲು, ದುರಸ್ತಿಗೂ ಮುಚ್ಚುತ್ತಾರೆ.

ಈಗ ಮೊಟ್ಟೆಯ ತಿಂಡಿಯ ಸುದ್ದಿ: ಪಶ್ತೆಲ್ ದಿ ನಾತಾ. ಹಳದಿ ಲೋಳೆ, ಹಾಲು, ಸಕ್ಕರೆಯ ಪಾಕವನ್ನು ಪದರ ಹಿಟ್ಟಿನ ಬಟ್ಟಲಿಗೆ ಹಾಕಿ, ಮೇಲೆ ಕಪ್ಪು ಚುಕ್ಕೆ ಏಳುವಷ್ಟು ಕಡುಬಿಸಿ ಒಲೆಯಲ್ಲಿ ಬೇಯಿಸುತ್ತಾರೆ. ಒಂದನ್ನು ತಿರುಗಿಸಿ ತಳ ನೋಡಿ, ಸುರುಳಿ ಕಾಣುತ್ತದೆ. ಬೆಣ್ಣೆ ಸವರಿದ ಹಿಟ್ಟನ್ನು ಸುತ್ತಿ, ತುಂಡು ಕತ್ತರಿಸಿ, ಸುರುಳಿಯ ಮುಖ ಮೇಲಾಗಿಟ್ಟು ಹೆಬ್ಬೆರಳಲ್ಲಿ ಅಚ್ಚಿಗೆ ಒತ್ತಿದ ಗುರುತು ಅದು. ನಮ್ಮ ಚಿರೋಟಿಯ ಪದರ ಏಳುವುದೂ ಹೀಗೆ ಸುತ್ತಿ ಕತ್ತರಿಸಿದ್ದರಿಂದಲೇ. ಮಾಡಿ ಒಂದು ಗಂಟೆಯಾದರೆ ಪದರ ಮೆತ್ತಗಾಗುತ್ತದೆ, ಡಬ್ಬಿಯಲ್ಲಿ ಊರಿಗೆ ಒಯ್ಯುವ ತಿಂಡಿ ಇದಲ್ಲ. 1837ರಿಂದ ಇರುವ ಪಶ್ತೈಶ್ ದಿ ಬೆಲೇಂ ಅಂಗಡಿಯ ಹೊರಗೆ ಕಾಣುವ ಉದ್ದದ ಸಾಲು ಕಟ್ಟಿಸಿಕೊಂಡು ಹೋಗುವವರದು. ಒಳಗೆ ನೀಲಿ ಹೆಂಚಿನ ಗೋಡೆಗಳ ದೊಡ್ಡ ದೊಡ್ಡ ಹಜಾರಗಳಿವೆ, ಅಲ್ಲಿ ಸಾಮಾನ್ಯವಾಗಿ ಬೇಗ ಜಾಗ ಸಿಗುತ್ತದೆ. ದಾಲ್ಚಿನ್ನಿ ಪುಡಿ ಉದುರಿಸಿಕೊಂಡು ಬಿಸಿಬಿಸಿ ತಿನ್ನಿ. ಮೊಟ್ಟೆ ಮುಟ್ಟದವರಿಗೆ ಇದರಲ್ಲಿ ಬೇರೆ ದಾರಿಯಿಲ್ಲ.

ಊಟ

ಕಾಫಿಯಿಂದ ಹಿಡಿಯೋಣ. ಬೀಕಾ ಎಂದರೆ ಎರಡು ಗುಟುಕಿನ ಕಡು ಡಿಕಾಕ್ಷನ್ನು. ಫಿಲ್ಟರ್ ಕಾಫಿಯ ನಾಲಗೆಗೆ ಒಗ್ಗುವುದು ಮೇಯಾ ದಿ ಲೈತ್, ಅರ್ಧ ಕಾಫಿ ಅರ್ಧ ಹಾಲು. ಎತ್ತರದ ಗಾಜಿನ ಲೋಟದಲ್ಲಿ ಹಾಲೇ ಹೆಚ್ಚಿರುವ ಗಲಾಂವ್ ಮಕ್ಕಳಿಗೆ ಸರಿ.

ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್, ಬೆಣ್ಣೆ, ಕೆಲವೊಮ್ಮೆ ಚೀಸು ಕೇಳದೆಯೇ ಬರುತ್ತವೆ. ಕುವೇರ್ ಎನ್ನುತ್ತಾರೆ. ಇದು ಪುಕ್ಕಟೆಯಲ್ಲ, ಮೋಸವೂ ಅಲ್ಲ, ಅಲ್ಲಿನ ಪದ್ಧತಿ. ತಿಂದದ್ದಕ್ಕೆ ಬಿಲ್ಲು, ಮುಟ್ಟದಿದ್ದರೆ ಇಲ್ಲ. ಬೇಡವಾದರೆ ಆಗಲೇ ವಾಪಸು ಕಳಿಸಿ, ಯಾರೂ ಬೇಸರಪಡುವುದಿಲ್ಲ. ಮೆನುವಿನಲ್ಲಿ ರೋಮನ್ ಲಿಪಿಯಲ್ಲಿ ದೋಸೆ ಎಂದೇ ಓದಿಕೊಳ್ಳುವಂಥ ಪದ ಕಾಣುತ್ತದೆ. ಅದರ ಉಚ್ಚಾರ ದೋಝ್, ಅರ್ಥ ಒಂದು ಪೂರ್ತಿ ಪಾಲು, ಇಬ್ಬರಿಗೆ ಸಾಕು. ಒಬ್ಬರೇ ಇದ್ದರೆ ಮೇಯಾ ದೋಝ್, ಅಂದರೆ ಅರ್ಧ ಪಾಲು ಕೇಳಿ. ವಾರದ ದಿನ ಮಧ್ಯಾಹ್ನ ಬೋರ್ಡಿನಲ್ಲಿ ಬರೆದಿರುವ ಪ್ರಾತು ದು ದಿಯಾ, ದಿನದ ಊಟ, ಎಲ್ಲಕ್ಕಿಂತ ಅಗ್ಗ. ರಾತ್ರಿಯ ಅಡುಗೆ ಏಳೂವರೆಗೆ ಮುಂಚೆ ಒಲೆ ಏರುವುದು ಕಡಿಮೆ. ಬಿಲ್ಲಿಗೆ ಪಗಾರ್ ಎನ್ನಿ, ಅರ್ಥವಾಗುತ್ತದೆ. ನಮ್ಮ ಪಗಾರ, ಚಾವಿ, ಬಟಾಟೆ ಮೂರೂ ಪೋರ್ಚುಗೀಸ್ ಭಾಷೆಯಿಂದಲೇ ಬಂದವು.

ಮೀನು ತಿನ್ನುವವರಿಗೆ ಈ ಊರು ಹಬ್ಬ. ಜೂನ್‌ನಿಂದ ಆಗಸ್ಟ್ ತನಕ ಸಾರ್ಡೀನು, ನಮ್ಮ ಬೂತಾಯಿಯ ನೆಂಟ, ಕೊಬ್ಬು ತುಂಬಿಕೊಂಡಿರುತ್ತದೆ. ಬರೀ ಕಲ್ಲುಪ್ಪು ಹಾಕಿ ಕೆಂಡದ ಮೇಲೆ ಸುಡುತ್ತಾರೆ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬಕ್ಕೆ ಅಲ್ಫಾಮಾದ ಓಣಿ ಓಣಿಯಲ್ಲೂ ಇದರದೇ ಹೊಗೆ. ಇಡೀ ಮೀನಿಗೆ ಮೆನುವಿನಲ್ಲಿ ಬರೆದಿರುವುದು ಕಿಲೋದ ಬೆಲೆ ಆಗಿರಬಹುದು. ಸುಡುವ ಮುಂಚೆ ತೂಗಿ ತೋರಿಸಿ, ಬೆಲೆ ಹೇಳಿ ಎನ್ನಿ. ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿದ ಮರುವಾಯಿ (ಚಿಪ್ಪುಮೀನು) ಸಿಕ್ಕರೆ ಬಿಡಬೇಡಿ. ಯುರೋಪಿನಲ್ಲಿ ಕೊತ್ತಂಬರಿಯನ್ನು ಇಷ್ಟು ಧಾರಾಳವಾಗಿ ಬಳಸುವವರು ಬೇರೆ ಕಡೆ ಕಾಣುವುದಿಲ್ಲ.

ಸಸ್ಯಾಹಾರಿಗಳಿಗೆ ಮಾತ್ರ ಕಣ್ಣು ಬಿಟ್ಟು ಉಣ್ಣಬೇಕಾದ ಊರು. ಹಸಿರು ಸೊಪ್ಪಿನ ಕಾಲ್ದು ವೆರ್ದ್ ಸೂಪಿನ ತಳದಲ್ಲಿ ಹಂದಿಮಾಂಸದ ಬಿಲ್ಲೆ ಇರುತ್ತದೆ. ಹುರುಳಿಯಂಥ ಕಾಳುಗಳ ಪಲ್ಯವನ್ನೂ ಮಾಂಸದ ಜೊತೆ ಬೇಯಿಸಿರುತ್ತಾರೆ. ಟೋಶ್ತಾ ಮಿಶ್ತಾ ಎಂಬ ಸ್ಯಾಂಡ್‌ವಿಚ್ಚಿನಲ್ಲಿ ಹಂದಿಯ ಹ್ಯಾಮು ಕಡ್ಡಾಯ. ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ಶಮೂಸಾ ನಮ್ಮ ಸಮೋಸವೇ, ಗೋವಾ ಮತ್ತು ಮೊಜಾಂಬಿಕ್ ದಾರಿಯಲ್ಲಿ ಬಂದದ್ದು. ಒಳಗೆ ಮಾತ್ರ ಹೆಚ್ಚಾಗಿ ಖೈಮ. ಸೆಂ ಕಾರ್ನ್, ಸೆಂ ಪೈಶ್ ಎಂದರೆ ಮಾಂಸ ಬೇಡ, ಮೀನು ಬೇಡ. ಎರಡನ್ನೂ ಹೇಳಬೇಕು; ಮಾಂಸ ಬೇಡವೆಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೊಟ್ಟೆಯೂ ಬೇಡವಾದರೆ ಸೆಂ ಓವು. ಪೈಶಿನ್ಯುಶ್ ದ ಓರ್ತಾ, ಅಂದರೆ ತೋಟದ ಪುಟ್ಟ ಮೀನುಗಳು, ಹೆಸರಿಗಷ್ಟೇ ಮೀನು: ಬೀನ್ಸಿನ ಬಜ್ಜಿ, ಹಿಟ್ಟಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿ ತಿನ್ನಿ. ಟೊಮೆಟೊ ಅನ್ನವೂ ಸಿಗುತ್ತದೆ.

ಪೂರ್ತಿ ನೆಮ್ಮದಿ ಬೇಕಾದರೆ ಊರಿನ ಉತ್ತರಕ್ಕೆ ತೆಲ್ಯೈರಾಶ್ ಕಡೆಯಿರುವ ರಾಧಾಕೃಷ್ಣ ದೇವಸ್ಥಾನದ ಕ್ಯಾಂಟೀನಿದೆ, ಗುಜರಾತಿ ಶೈಲಿಯ ಸಸ್ಯಾಹಾರಿ ಊಟ. ಮಾರ್ತಿಂ ಮೊನಿಶ್ ಪಕ್ಕದ ರುವಾ ದು ಬೆಂಫೊರ್ಮೋಜುವಿನಲ್ಲಿ ಬಾಂಗ್ಲಾ, ನೇಪಾಳಿ, ಭಾರತೀಯ ಅಂಗಡಿಗಳು ಸಾಲಾಗಿವೆ. ಬೇಳೆ, ಹಸಿಮೆಣಸು ಎಲ್ಲ ಅಲ್ಲಿ ಸಿಗುತ್ತದೆ. ಬಾಡಿಗೆ ಮನೆಯಲ್ಲಿ ಅಡುಗೆ ಮಾಡುವುದಾದರೆ ಯುರೋಪಿನಲ್ಲಿ ತಲಾವಾರು ಹೆಚ್ಚು ಅನ್ನ ಉಣ್ಣುವವರು ಪೋರ್ಚುಗೀಸರೇ ಎಂಬುದು ಅನುಕೂಲಕ್ಕೆ ಬರುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಅಗುಲ್ಯಾ ಎಂಬುದು ಉದ್ದಕಾಳಿನ ಉದುರು ಅಕ್ಕಿ. ಕರೊಲೀನು ದಪ್ಪಕಾಳು, ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಮೊಸರಿಗೆ ನತುರಾಲ್ ಎಂದು ಬರೆದಿರುವುದನ್ನೇ, ಸಕ್ಕರೆ ಇಲ್ಲದ್ದನ್ನು ನೋಡಿ ತೆಗೆದುಕೊಳ್ಳಿ.

ಸಿಂತ್ರಾ

ಸುತ್ತಮುತ್ತಲಿನಲ್ಲಿ ಒಂದೇ ದಿನ ಉಳಿದಿದ್ದರೆ ಅದು ಸಿಂತ್ರಾಕ್ಕೆ. ಅತಿ ಹೆಚ್ಚು ಜನ ದಿನ ಕೆಡಿಸಿಕೊಳ್ಳುವುದೂ ಅಲ್ಲೇ, ಅದರಿಂದ ಸ್ವಲ್ಪ ವಿವರವಾಗಿ ಹೇಳಬೇಕು.

ಸೋಮವಾರ ಹೋಗಬೇಡಿ. ಲಿಸ್ಬನ್ನಿನ ಬಹುಪಾಲು ಮ್ಯೂಸಿಯಂಗಳು ಅಂದು ಮುಚ್ಚಿರುವುದರಿಂದ ಇಡೀ ಪ್ರವಾಸಿ ಜನ ಸಿಂತ್ರಾಕ್ಕೆ ನುಗ್ಗುತ್ತಾರೆ. ರೊಸ್ಸಿಯು ರೈಲು ನಿಲ್ದಾಣ ಕುದುರೆ ಲಾಳದ ಆಕಾರದ ಎರಡು ಬಾಗಿಲುಗಳ ಕಟ್ಟಡ. ಗುಡ್ಡದ ಮೈಗೆ ಕಟ್ಟಿದ್ದರಿಂದ ಪ್ಲಾಟ್‌ಫಾರಂ ಇರುವುದು ಮೇಲಿನ ಮಹಡಿಯಲ್ಲಿ. ಕೆಳಗೆ ಹುಡುಕಿ ಹೊತ್ತು ಕಳೆಯಬೇಡಿ. ಪ್ರಯಾಣ ಸುಮಾರು 40 ನಿಮಿಷ. ಎಂಟಕ್ಕೆ ಮುಂಚಿನ ರೈಲು ಹಿಡಿಯಿರಿ.

ಪೇನಾ ಅರಮನೆಯ ಟಿಕೆಟ್ಟನ್ನು ದಿನಗಳ ಮುಂಚೆಯೇ ಆನ್‌ಲೈನಿನಲ್ಲಿ ಕೊಳ್ಳಬೇಕು, ಬೆಳಿಗ್ಗೆ ಒಂಬತ್ತೂವರೆಯ ಮೊದಲ ಸರದಿಯನ್ನೇ. ಇಲ್ಲಿ ಗಮನಿಸಬೇಕಾದ್ದು, ಟಿಕೆಟ್ಟಿನ ಮೇಲಿರುವ ಹೊತ್ತು ಉದ್ಯಾನದ ಗೇಟಿನದಲ್ಲ, ಮೇಲಿನ ಅರಮನೆ ಬಾಗಿಲಿನದು. ಗೇಟಿನಿಂದ ಬಾಗಿಲಿಗೆ ಅರ್ಧ ಗಂಟೆಯ ಕಡಿದಾದ ಏರು. ಒಂಬತ್ತೂವರೆಗೆ ಗೇಟಿಗೆ ಬಂದವರು ಹತ್ತಕ್ಕೆ ಬಾಗಿಲು ತಲುಪುತ್ತಾರೆ, ತಡವಾಯಿತೆಂದು ಒಳಗೆ ಬಿಡುವುದಿಲ್ಲ, ಟಿಕೆಟ್ಟಿನ ದುಡ್ಡು ಹೋದಂತೆಯೇ. ಗೇಟಿನೊಳಗೆ ಮೇಲಕ್ಕೆ ಒಯ್ಯುವ ಚಿಕ್ಕ ಬಸ್ಸೂ ಇದೆ, ಆದರೆ ಅದಕ್ಕೂ ಸರದಿ ಇರುತ್ತದೆ. ರೈಲು ನಿಲ್ದಾಣದ ಹೊರಗೆ 434 ನಂಬರಿನ ಬಸ್ಸು ಗೇಟಿಗೆ ಹೋಗುತ್ತದೆ. ಅದು ಒಂದೇ ದಿಕ್ಕಿನಲ್ಲಿ ಸುತ್ತುವ ಬಸ್ಸು, ಬೆಟ್ಟದ ರಸ್ತೆ ಏಕಮುಖ. ನಿಲ್ದಾಣದೆದುರು ನಮ್ಮ ಆಟೋದಂಥ ಟುಕ್‌ಟುಕ್‌ಗಳೂ ನಿಂತಿರುತ್ತವೆ. ಹೇಳಿದ ಬೆಲೆ ಇಡೀ ಗಾಡಿಗೋ ತಲೆಗೋ ಎಂದು ಹತ್ತುವ ಮುಂಚೆ ಕೇಳಿಕೊಳ್ಳಿ. ನಾಲ್ಕು ಜನರಿದ್ದರೆ ಅದೇನೂ ದುಬಾರಿಯಲ್ಲ.

ಅರಮನೆ ಮುಗಿದ ಮೇಲೆ ಬಸ್ಸು ಬೇಡ. ಗೇಟಿನಿಂದ ಹತ್ತು ನಿಮಿಷ ಕೆಳಗೆ ಮೂರ್ ಜನರ (ಉತ್ತರ ಆಫ್ರಿಕಾದಿಂದ ಬಂದ ಮುಸ್ಲಿಮರ) ಹಳೆಯ ಕೋಟೆ. ಅಲ್ಲಿಂದ ಕಾಡಿನ ಕಾಲುದಾರಿ ಪಾಚಿ ಹಿಡಿದ ಬಂಡೆಗಳ ನಡುವೆ ಮುಕ್ಕಾಲು ಗಂಟೆಯೊಳಗೆ ಹಳೆ ಊರಿಗೆ ಇಳಿಸುತ್ತದೆ. ಅರಮನೆಗಿಂತ ಈ ಇಳಿಕೆಯೇ ಮನಸ್ಸಿನಲ್ಲಿ ಉಳಿಯುವಂಥದ್ದು. ಊರಿನಲ್ಲಿ ಬಾದಾಮಿ ಹೂರಣದ ತ್ರವೆಸೈರು ತಿಂದು, ಹದಿನೈದು ನಿಮಿಷ ನಡೆದರೆ ಕಿಂತಾ ದ ರೆಗಲೇಯಿರಾ ತೋಟ. ಅಲ್ಲಿನ 27 ಮೀಟರ್ ಆಳದ ಸುರುಳಿ ಬಾವಿಗೆ ಮೇಲಿನಿಂದ ಇಳಿದು, ತಳದ ಸುರಂಗದಿಂದ ಹೊರಬರಬೇಕು, ಮತ್ತೆ ಹತ್ತಲು ಬಿಡುವುದಿಲ್ಲ. ಮೆಟ್ಟಿಲು ಒದ್ದೆ, ಸುರಂಗ ಕತ್ತಲು, ಕೈಯಲ್ಲಿ ಬೆಳಕಿರಲಿ.

ಲಿಸ್ಬನ್ನಿನಲ್ಲಿ ರಣಬಿಸಿಲಿದ್ದರೂ ಸಿಂತ್ರಾ ಬೆಟ್ಟ ಕಡಲ ಗಾಳಿಯನ್ನು ತಡೆದು ಮಂಜು ಹೊದ್ದಿರುತ್ತದೆ. ಮಡಿಕೇರಿಗೆ ಹೋಗುವಾಗ ಇಟ್ಟುಕೊಳ್ಳುವಂಥ ಒಂದು ಸ್ವೆಟರ್ ಚೀಲದಲ್ಲಿರಲಿ. ಪೇನಾದ ಹಳದಿ ಕೆಂಪು ಗೋಪುರಗಳು ಹತ್ತಡಿ ಆಚೆಗೆ ಕಾಣದ ದಿನಗಳೂ ಉಂಟು.

ಕಡಲು ಮತ್ತು ಆಚೆ ದಡ

ಯುರೋಪ್ ಖಂಡದ ಪಡುವಣ ತುದಿ ಕಾಬು ದ ರೋಕಾ, 140 ಮೀಟರ್ ಎತ್ತರದ ಬಂಡೆ. ಸಿಂತ್ರಾದಿಂದ ಕಶ್ಕಾಯಿಶ್‌ಗೆ ಹೋಗುವ 1624 ಬಸ್ಸು ಅಲ್ಲಿ ನಿಲ್ಲುತ್ತದೆ. ಇಳಿದ ಕೂಡಲೇ ಮುಂದಿನ ಬಸ್ಸಿನ ವೇಳೆಯ ಫೋಟೋ ತೆಗೆದುಕೊಳ್ಳಿ. ಬೇಲಿ ದಾಟಬೇಡಿ, ಬಂಡೆಯಂಚು ಸಡಿಲ, ಗಾಳಿ ದೊಡ್ಡವರನ್ನೇ ದೂಡುತ್ತದೆ. ಅರ್ಧ ಗಂಟೆ ಸಾಕು.

ಕಶ್ಕಾಯಿಶ್‌ನಿಂದ ಲಿಸ್ಬನ್ನಿಗೆ ರೈಲು ನೀರಿನಂಚಿನಲ್ಲೇ ಬರುತ್ತದೆ. ಹಿಂದಿರುಗುವಾಗ ಬಲಗಡೆ, ಹೋಗುವಾಗ ಎಡಗಡೆ ಕೂರಿ. ನಡುವಿನ ಕರ್ಕವೆಲುಶ್ ಸ್ನಾನಕ್ಕೆ ಒಳ್ಳೆಯ ಮರಳದಂಡೆ. ಆದರೆ ಇದು ಮಲ್ಪೆ, ಗೋಕರ್ಣಗಳ ಬೆಚ್ಚಗಿನ ನೀರಲ್ಲ. ಆಗಸ್ಟ್‌ನಲ್ಲೂ ನೀರು 17ರಿಂದ 20 ಡಿಗ್ರಿ, ಒಮ್ಮೆಲೇ ಧುಮುಕಿದರೆ ಉಸಿರು ಹಿಡಿದಂತಾಗುತ್ತದೆ. ಹಸಿರು ಬಾವುಟಕ್ಕೆ ಈಜಬಹುದು, ಹಳದಿಗೆ ಈಜಬಾರದು, ಕೆಂಪಿಗೆ ನೀರಿಗಿಳಿಯಲೇಬಾರದು. ಚೌಕುಳಿ ಬಾವುಟ ಹಾರುತ್ತಿದ್ದರೆ ಕಾವಲುಗಾರ ಸದ್ಯಕ್ಕೆ ಇಲ್ಲ ಎಂದರ್ಥ. ಬೇಸಿಗೆಯ ಮಧ್ಯಾಹ್ನ ಉತ್ತರದ ಗಾಳಿ ಏಳುತ್ತದೆ, ಅದರಿಂದ ಕಡಲಿಗೆ ಬೆಳಿಗ್ಗೆಯೇ ಹೋಗಿ. ಗಿಂಶು ದಂಡೆ ಅಲೆಯಾಟದವರಿಗೆ ಬಿಟ್ಟದ್ದು.

ಊರಿನ ಅತಿ ಅಗ್ಗದ ಸುಖ ಎಂದರೆ ಕಾಯಿಶ್ ದು ಸುದ್ರೆಯಿಂದ ಆಚೆ ದಡದ ಕಾಸಿಲ್ಯಾಶ್‌ಗೆ ಹೋಗುವ ದೋಣಿ. ಹತ್ತು ನಿಮಿಷ, ಝಾಪಿಂಗ್ ಕಾರ್ಡಿನಲ್ಲಿ ಬಸ್ಸಿನಷ್ಟೇ ಸಲೀಸು. ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲು ಹೊರಟರೆ 1966ರ ಕೆಂಪು ತೂಗುಸೇತುವೆಯ ಹಿಂದೆ ಬೆಳಕು ಇಳಿಯುವುದು ಕಾಣುತ್ತದೆ. ಅಲ್ಲಿಂದ ಬಸ್ಸಿನಲ್ಲಿ ಕ್ರಿಶ್ತು ರೈ ಎಂಬ ಯೇಸುವಿನ ಪ್ರತಿಮೆಗೆ ಹೋಗಬಹುದು. ನದಿಯಂಚಿನ ಜಿಂಜಾಲ್ ದಾರಿಯ ಹಳೆ ಗೋದಾಮುಗಳು ಶಿಥಿಲವಾಗಿವೆ, ಅಡ್ಡಗಟ್ಟಿದ ಕಡೆ ನುಸುಳಬೇಡಿ.

ದುಡ್ಡಿನ ವಿಚಾರ: ಎಟಿಎಂನಲ್ಲಿ ಮುಲ್ತಿಬಾಂಕು ಎಂಬ ಗುರುತಿನ ಬ್ಯಾಂಕ್ ಯಂತ್ರವನ್ನೇ ಬಳಸಿ. ರೂಪಾಯಿಯಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆಂದು, ಯೂರೋವನ್ನೇ ಆರಿಸಿ. ಇಲ್ಲದಿದ್ದರೆ ಕೆಟ್ಟ ದರ ಬೀಳುತ್ತದೆ. ಸಣ್ಣ ಅಂಗಡಿಗಳು ಪೋರ್ಚುಗಲ್ಲಿನ ಕಾರ್ಡು ಬಿಟ್ಟು ಬೇರೆಯದನ್ನು ತೆಗೆದುಕೊಳ್ಳದಿರಬಹುದು, ಜೇಬಿನಲ್ಲಿ ಮೂವತ್ತು ಯೂರೋ ನಗದು ಇರಲಿ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ತಿಂಗಳು. ಡಿಸೆಂಬರ್, ಜನವರಿಯಲ್ಲಿ ಚಳಿ ಕಡಿಮೆಯಂತೆ ಕಂಡರೂ ಹಳೆ ಮನೆಗಳಲ್ಲಿ ಹೀಟರು ಇರುವುದಿಲ್ಲ. ಹೊರಗಿಗಿಂತ ಒಳಗೇ ಥಂಡಿ.

ಹಿಂದಿರುಗುವಾಗ ದುಬೈಯಂಥ, ಷೆಂಗನ್ ಎಂಬ ಯುರೋಪಿನ ಒಂದೇ ವೀಸಾ ವಲಯದ ಆಚೆಯ ಊರಿನ ಮೂಲಕ ಬರುವವರಿಗೆ ಪಾಸ್‌ಪೋರ್ಟ್ ತಪಾಸಣೆ ಲಿಸ್ಬನ್ನಿನಲ್ಲೇ ಆಗುತ್ತದೆ, ಅದೂ ಭದ್ರತಾ ತಪಾಸಣೆ ಮುಗಿದ ಮೇಲೆ. ಅಲ್ಲಿನ ಸರದಿ ಉದ್ದ, ಮೂರು ಗಂಟೆ ಮುಂಚೆ ಹೋಗಿ. ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕವಾದರೆ ತಪಾಸಣೆ ಅಲ್ಲಿ. ನಡುವೆ ಎರಡು ಗಂಟೆಗಿಂತ ಕಡಿಮೆ ಬಿಡುವಿರುವ ಟಿಕೆಟ್ಟು ಕೊಳ್ಳಬೇಡಿ. ನವೆಗಾಂತ್ ಕಾರ್ಡು ಕೊಂಡ ದಿನದಿಂದ ಒಂದು ವರ್ಷ ನಡೆಯುತ್ತದೆ, ಅದರ ಮೇಲೆ ಯಾರ ಹೆಸರೂ ಇರುವುದಿಲ್ಲ. ಚಿಲ್ಲರೆ ಉಳಿದಿದ್ದರೆ ಎಸೆಯದೆ ಊರಿಗೆ ತಂದು, ಮುಂದೆ ಹೊರಡುವವರ ಕೈಗೆ ಕೊಡಿ.